ಪರ್ತ್‌ನಲ್ಲಿ ಮನೆ ಬಿಯರ್: ಆಟೊಮ್ಯಾಟಿಕ್ ಯಂತ್ರ ತಗೊಳ್ಳಲಾ, ಪಾತ್ರೆ-ಚೀಲದಲ್ಲೇ ಮುಂದುವರಿಯಲಾ?

ಸಂಡೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ಸಂಡೂರು, ಕೆಲಸ ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲೂ ಕಬ್ಬಿಣದ ಅದಿರೇ, ಅದೇ ಕೆಂಪು ಧೂಳು. ಈಗ ಒಂದು ತಿಂಗಳ ರಜೆಗೆ ಬಳ್ಳಾರಿಗೆ ಬಂದು ಅಕ್ಕನ ಮನೆಯಲ್ಲಿದ್ದೇನೆ.

ಪರ್ತ್‌ನಲ್ಲಿ ಎರಡು ವರ್ಷದಿಂದ ಮನೆಯಲ್ಲೇ ಬಿಯರ್ ಮಾಡುತ್ತೇನೆ. ಸಾಮಾನು ಅಂದರೆ 40 ಲೀಟರಿನ ಸ್ಟೀಲ್ ಪಾತ್ರೆ, ಗ್ಯಾಸ್ ಒಲೆ, ಒಡೆದ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಹಾಕಲು ಬಟ್ಟೆ ಚೀಲ, ಒಂದು ಥರ್ಮಾಮೀಟರ್. ಒಂದು ಸಲಕ್ಕೆ 20 ಲೀಟರ್. ಐದಾರು ಗಂಟೆ ಒಲೆ ಮುಂದೆ ನಿಲ್ಲಬೇಕು. ಹೋದ ಸಲ ಮಾಲ್ಟ್ ನೆನೆಯುವಾಗ ಅಮ್ಮನ ಫೋನ್ ಬಂತು. ತಂಗಿಗೆ ನೋಡಿದ ಗಂಡಿನ ವಿಷಯ, ಇಡುವ ಹಾಗಿಲ್ಲ. ಮಾತು ಮುಗಿಸಿ ಬರುವಷ್ಟರಲ್ಲಿ 66 ಡಿಗ್ರಿ ಇರಬೇಕಾದದ್ದು 75 ಆಗಿತ್ತು. ಬಿಯರ್ ಪಾನಕದ ಹಾಗೆ ಸಿಹಿಯಾಯಿತು.

ಈಗ 600 ಡಾಲರ್ ಹತ್ತಿರದ ಒಂದು ಕರೆಂಟ್ ಯಂತ್ರ ನೋಡಿಟ್ಟಿದ್ದೇನೆ. ಬಿಸಿ ತಾನೇ ಹಿಡಿದಿಡುತ್ತದೆ, ಪಂಪ್ ಇದೆ, ಟೈಮರ್ ಇದೆ. ಇದನ್ನು ತಗೊಂಡರೆ ಬಿಯರ್ ಚೆನ್ನಾಗಿ ಬರುತ್ತದಾ, ಅಥವಾ ಸುಮ್ನೆ ಶೋಕಿನಾ? ಮಾಡಿ ನೋಡಿದವರು ಹೇಳಿ.

ಕೋಟೆ ಬಳ್ಳಾರಿ:
ತಮ್ಮಾ, ಯಂತ್ರದ ವಿಷಯ ನನಗೆ ಗೊತ್ತಿಲ್ಲ. ಆದರೆ ರಜೆಯಲ್ಲಿ ಕೈ ತುರಿಸಿತು ಅಂತ ಅಕ್ಕನ ಅಡುಗೆಮನೆಯಲ್ಲಿ ಶುರು ಮಾಡಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತಕ್ಕೆ ಮಾಡಿದೆ ಅಂದರೆ ಬಿಡುವುದಿಲ್ಲ. ಭಾವ ಸ್ಟೇಷನ್ನಿಗೆ ಅಲೆಯಬೇಕಾಗುತ್ತದೆ.

ಸಂಡೂರು ಹುಡುಗ:
ಅಯ್ಯೋ ಇಲ್ಲ ಅಣ್ಣಾ, ಇಲ್ಲಿ ಮಜ್ಜಿಗೆ, ಅಂಬಲಿ ಅಷ್ಟೇ. ಅಲ್ಲಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಭಟ್ಟಿ ಇಳಿಸುವುದಕ್ಕೆ ಅಲ್ಲೂ ಲೈಸೆನ್ಸ್ ಬೇಕು.

ರಾಯಚೂರು ರೈಸ್‌ಮಿಲ್:
ನಾನು ಏಳು ವರ್ಷ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೆ. ಅಲ್ಲಿ 1963ರಿಂದಲೇ ಮನೆ ಬಿಯರಿಗೆ ಲೈಸೆನ್ಸ್ ಬೇಕಿಲ್ಲ. ಈಗ ರಾಯಚೂರಿನಲ್ಲಿ ಅಪ್ಪನ ಮಿಲ್ ನೋಡಿಕೊಳ್ಳುತ್ತೇನೆ, ಬಿಯರ್ ಮಾಡುವುದು ಬಿಟ್ಟಾಯಿತು. ಹಾಗಾಗಿ ಹಳೇ ಕುಸ್ತಿಪಟು ಹೇಳಿದ ಹಾಗೆ ಕೇಳಿಸಿಕೋ.

ಎರಡನ್ನೂ ಮಾಡಿದ್ದೇನೆ. ಮೊದಲ ವರ್ಷ ನಿನ್ನ ಹಾಗೇ ಪಾತ್ರೆ-ಚೀಲ. ಈ ಚೀಲದ ಪದ್ಧತಿ ಬೆಳೆದದ್ದೇ ನಿಮ್ಮ ಆಸ್ಟ್ರೇಲಿಯಾದಲ್ಲಿ, ಅದನ್ನು ಕೀಳಾಗಿ ನೋಡಬೇಡ. ಆಮೇಲೆ ಸಂಬಳ ಜಾಸ್ತಿ ಆಯಿತು, ಯಂತ್ರ ತಂದೆ. ಮೊದಲ ದಿನವೇ ಪಂಪ್ ಕಟ್ಟಿಕೊಂಡಿತು. ಮಿಲ್ಲಿನವನ ಮಗ ಅಂತ ಜಂಬದಿಂದ ಮಾಲ್ಟನ್ನು ನಾನೇ ಒಡೆದಿದ್ದೆ, ರೋಲರ್ ಬಿಗಿ ಮಾಡಿ, ರವೆಗಿಂತ ಸಣ್ಣಗೆ. ಚೀಲದಲ್ಲಿ ಅದು ನಡೆಯುತ್ತದೆ. ಯಂತ್ರದಲ್ಲಿ ಮಾಲ್ಟ್ ನೆನೆದ ರಸವನ್ನು ಪಂಪ್ ಕೆಳಗಿಂದ ಎತ್ತಿ ಕಾಳಿನ ಮೇಲೆ ಸುರಿಯುತ್ತಿರುತ್ತದೆ. ಅದು ಮತ್ತೆ ಕೆಳಗೆ ಇಳಿಯಬೇಕಾದರೆ ಹೊಟ್ಟು ಮುರಿಯದೆ ಜರಡಿಯ ಹಾಗೆ ಉಳಿದಿರಬೇಕು. ನನ್ನದು ಗಟ್ಟಿ ಸಂಗಟಿಯಾಗಿ ಕೂತುಬಿಟ್ಟಿತು. ಕೆಳಗಿಳಿದ ಹಿಟ್ಟು ಹೀಟರ್ ಮೇಲೆ ಸೀದು ತಳ ಹಿಡಿಯಿತು. 23 ಲೀಟರ್, ಪೂರ್ತಿ ಸೀದ ಪಾಯಸದ ವಾಸನೆ. ಚೆಲ್ಲಿದೆ.

ಅಂಗಡಿಯವನು ಏನು ಔಷಧಿ ಕೊಟ್ಟ ಗೊತ್ತಾ? ಭತ್ತದ ಹೊಟ್ಟು! ಕಾಳಿನ ಜೊತೆ ಕಲಸಿದರೆ ರಸ ಸಲೀಸಾಗಿ ಇಳಿಯುತ್ತದಂತೆ. ನಿಜ, ಇಳಿಯಿತು. ಪುಟ್ಟ ಪ್ಯಾಕೆಟ್ಟಿಗೆ ಪೌಂಡ್ ಲೆಕ್ಕದಲ್ಲಿ ಎಣಿಸಿ ಕೊಟ್ಟು ತಂದೆ. ಊರಲ್ಲಿ ಅಪ್ಪ ಲೋಡುಗಟ್ಟಲೆ ಅದನ್ನೇ ಬಾಯ್ಲರಿಗೆ ಹಾಕಿ ಸುಡುತ್ತಿದ್ದರು. ಫೋನಿನಲ್ಲಿ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ, ಆಮೇಲೆ ಸೀದಾ "ಯಾವಾಗ ಬರ್ತಿ ವಾಪಸ್?" ಅಂದರು.

ಇರಲಿ. ಯಂತ್ರ ಮಾಡುವುದು ಇಷ್ಟು: 66 ಅಂದರೆ 66ರಲ್ಲೇ ನಿಲ್ಲಿಸುತ್ತದೆ, ರಸ ತಿರುಗಿಸುತ್ತದೆ, ಹಾಪ್ಸ್ (ಕಹಿ ಕೊಡುವ ಹೂವು) ಹಾಕುವ ಹೊತ್ತಿಗೆ ಕೂಗುತ್ತದೆ. ನಿನ್ನ ಪಾನಕದ ತೊಂದರೆ ಅದರಿಂದ ಹೋಗುತ್ತದೆ. ಆದರೆ ಒಲೆ ಆರಿಸಿ ಪಾತ್ರೆಗೆ ಹಳೇ ಕಂಬಳಿ ಸುತ್ತಿದರೂ ಹೋಗುತ್ತದೆ. ಅಷ್ಟು ನೀರು ಒಂದು ಗಂಟೆಯಲ್ಲಿ ಒಂದೆರಡು ಡಿಗ್ರಿ ಇಳಿಯಬಹುದು, ಅದರಿಂದ ಏನೂ ಕೆಡುವುದಿಲ್ಲ. ತೊಳೆಯುವ ಕೆಲಸ ಮಾತ್ರ ಯಂತ್ರದಲ್ಲಿ ಜಾಸ್ತಿ. ಪಂಪ್, ಪೈಪು, ನಲ್ಲಿ, ಎಲ್ಲ ಸಂದಿಯನ್ನೂ ತೊಳೆಯಬೇಕು.

ನೀನು ಕೇಳದ ಒಂದು ಪ್ರಶ್ನೆ ಇದೆ. ಕುದಿಸಿ ಆರಿಸಿದ ಮೇಲೆ ಯೀಸ್ಟ್ ಹಾಕಿ ಎಲ್ಲಿಡುತ್ತೀಯ? ಪರ್ತ್ ಬೇಸಿಗೆ ಅಂದರೆ ನಮ್ಮ ರಾಯಚೂರಿನ ತಮ್ಮ ಅಲ್ವಾ. ಏಲ್ ಅನ್ನುವ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಅದು ಕೆಲಸ ಮಾಡುವಾಗ ತಾನೇ ಕಾವು ಕೊಡುತ್ತದೆ, ಕೋಣೆಗಿಂತ ಡಬ್ಬಿಯೊಳಗೆ ಬಿಸಿ ಜಾಸ್ತಿ. 30ಕ್ಕೆ ಹೋಯಿತೋ, ನೇಲ್‌ಪಾಲಿಶ್ ವಾಸನೆ. 600 ಡಾಲರಿನ ಯಂತ್ರದಲ್ಲಿ ಮಾಡಿದ ರಸವೂ ಆ ಕೋಣೆಯಲ್ಲಿ ಕೆಡುತ್ತದೆ. ನಾನು ಒಂದು ಸೆಕೆಂಡ್‌ಹ್ಯಾಂಡ್ ಫ್ರಿಜ್ ತಂದು, ಅದರ ಪ್ಲಗ್ಗಿಗೆ ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿ, ಸೆನ್ಸರನ್ನು ಡಬ್ಬಿಯ ಹೊಟ್ಟೆಗೆ ಟೇಪು ಹಾಕಿ ಅಂಟಿಸಿದೆ. ನನ್ನ ಬಿಯರ್ ಕುಡಿಯುವ ಹಾಗೆ ಆಗಿದ್ದು ಅವತ್ತಿನಿಂದ. ಮೊದಲು ಫ್ರಿಜ್ ತಗೋ.

ಗಂಗಾವತಿ ಅಕ್ಕ:
ರೈಸ್‌ಮಿಲ್ ಅಣ್ಣಾರು ಫ್ರಿಜ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಕಂಬಳಿ ಬಗ್ಗೆ ನನ್ನ ತಕರಾರಿದೆ. ನಾವಿರುವುದು ಆಕ್ಲೆಂಡ್‌ನಲ್ಲಿ, ಮನೆಯಲ್ಲಿ ಗ್ರೇನ್‌ಫಾದರ್ ಇದೆ, ನ್ಯೂಜಿಲೆಂಡ್‌ನದೇ ಯಂತ್ರ. ಬಿಯರ್ ಮಾಡುವವಳು ನಾನು, ಕುಡಿಯುವವರು ಯಜಮಾನರು. ನಗಬೇಡಿ, ದೋಸೆ ಹಿಟ್ಟು ಹದ ಮಾಡಿದವಳಿಗೆ ಇದೇನು ಹೊಸದಲ್ಲ.

ಮೂರು ವರ್ಷದ ಮಗು ಓಡಾಡುವ ಮನೆಯಲ್ಲಿ ಗ್ಯಾಸ್ ಮೇಲೆ 25 ಲೀಟರ್ ಸುಡುವ ರಸ, ಅದರಿಂದ ಒದ್ದೆ ಚೀಲ ಎತ್ತಿ ಹಿಂಡುವುದು, ನನ್ನ ಕೈಲಿ ಆಗುವುದಿಲ್ಲ. ರಾತ್ರಿ ನೀರು ತುಂಬಿ ಟೈಮರ್ ಇಟ್ಟರೆ ಬೆಳಗ್ಗೆ ಐದಕ್ಕೆ ಬಿಸಿ ರೆಡಿ ಇರುತ್ತದೆ. ಮಕ್ಕಳು ಏಳುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಇದು ಶೋಕಿ ಅಲ್ಲ. ಇನ್ನೊಂದು, ಪ್ರತಿ ಸಲ ಅದೇ ಬಿಸಿ ಸಿಗುವುದರಿಂದ, ರುಚಿ ಬದಲಾದರೆ ಮಾಲ್ಟಿನಿಂದಲೋ ಯೀಸ್ಟಿನಿಂದಲೋ ಅಂತ ಹಿಡಿಯಬಹುದು.

ಒಂದು ಎಚ್ಚರಿಕೆ. ಬಟನ್ ಒತ್ತಿ ನಡೆಸಬಹುದಾದ ಯಂತ್ರವನ್ನೇ ತಗೋ. ಫೋನು, ಇಂಟರ್ನೆಟ್ ಇಲ್ಲದೆ ಓಡದಿದ್ದರೆ ಬೇಡ. ಅಮೆರಿಕದಲ್ಲಿ ಪಿಕೋಬ್ರೂ ಅಂತ ಕಂಪನಿ ಇತ್ತು, ಅದರ ಯಂತ್ರಗಳು ಕಂಪನಿಯ ಸರ್ವರ್ ನಂಬಿಕೊಂಡಿದ್ದವು. 2020ರಲ್ಲಿ ಕಂಪನಿ ಮುಚ್ಚಿತು. ತಗೊಂಡವರ ಪಾಡು ನೀನೇ ಯೋಚಿಸು.

ರಾಯಚೂರು ರೈಸ್‌ಮಿಲ್:
ಮಗುವಿನ ಮಾತು ಒಪ್ಪಿದೆ ಅಕ್ಕಾ. ಈ ಹುಡುಗನಿಗೆ ಇನ್ನೂ ಮದುವೆಯೇ ಆದ ಹಾಗಿಲ್ಲ, ಅದಕ್ಕೆ ಕಂಬಳಿ ಹೇಳಿದೆ.

ಸಂಡೂರು ಹುಡುಗ:
ಆಗಿಲ್ಲ, ತಂಗಿಯದು ಮೊದಲು ಆಗಲಿ.

ಫ್ರಿಜ್ ಮಾತು ತಲೆಗೆ ಹೊಕ್ಕಿತು. ಇವತ್ತು ಬೆಳಗ್ಗೆ ಅಕ್ಕ ದೋಸೆ ಹಿಟ್ಟನ್ನು ಹೊರಗೆ ಮರೆತಿದ್ದಳು. ಹನ್ನೊಂದಕ್ಕೆಲ್ಲ ಡಬ್ಬಿ ಮುಚ್ಚಳ ಎತ್ತಿಕೊಂಡು ಕಟ್ಟೆ ಮೇಲೆ ಹರಿದಿತ್ತು, ಹುಳಿ ವಾಸನೆ ಹಾಲ್‌ವರೆಗೂ. ಪರ್ತ್‌ನಲ್ಲಿ ನನ್ನ ಬಿಯರ್ ಡಬ್ಬಿ ಇಡುವುದು ತಗಡಿನ ಶೆಡ್ಡಿನಲ್ಲಿ, ಅಲ್ಲಿ ನಡುಬೇಸಿಗೆಯಾದ ಜನವರಿಯಲ್ಲೂ! ಎರಡು ವರ್ಷ ಗೆಳೆಯರು ಮುಖ ಸಿಂಡರಿಸಿಕೊಂಡೇ ಕುಡಿದಿದ್ದಾರೆ, ಪಾಪ.

ಹೋದ ತಕ್ಷಣ ಹಳೇ ಫ್ರಿಜ್, ಕಂಟ್ರೋಲರ್, ಒಂದು ಕಂಬಳಿ. ಯಂತ್ರ ಮುಂದಿನ ಬೋನಸ್ ಬಂದಾಗ ನೋಡೋಣ. ರೈಸ್‌ಮಿಲ್ ಅಣ್ಣಾ, ಬರುವಾಗ ನಿಮ್ಮ ಮಿಲ್ಲಿಂದ ಒಂದು ಕೆಜಿ ಹೊಟ್ಟು ಬ್ಯಾಗಿಗೆ ಹಾಕಿಕೊಂಡು ಹೋಗಲಾ?

ಗಂಗಾವತಿ ಅಕ್ಕ:
ಅಯ್ಯೋ, ಬೇಡ್ವೋ! ಆಸ್ಟ್ರೇಲಿಯಾ ಏರ್‌ಪೋರ್ಟಿನಲ್ಲಿ ಕಾಳು, ಬೀಜ, ಹೊಟ್ಟು ಅಂದರೆ ತೆಗೆದು ಬಿಸಾಕುತ್ತಾರೆ, ಬರೆದುಕೊಡದಿದ್ದರೆ ದಂಡ ಬೇರೆ. ಅಮ್ಮ ಕಟ್ಟಿಕೊಡುವ ಶೇಂಗಾ ಚಟ್ನಿಪುಡಿಯನ್ನೂ ಫಾರಂನಲ್ಲಿ ಬರಿ.

ರಾಯಚೂರು ರೈಸ್‌ಮಿಲ್:
ಹೊಟ್ಟು ಬೇಕಾದರೆ ಅಲ್ಲೇ ದುಡ್ಡು ಕೊಟ್ಟು ತಗೋ ತಮ್ಮಾ. ನಮ್ಮಪ್ಪನಿಗೆ ಮಾತ್ರ ಹೇಳಬೇಡ.