ಹಳೆಯ ಸ್ಪೋರ್ಟ್ಸ್ ಕಾರಿನ ಎಕ್ಸ್‌ಚೇಂಜ್ ಬೆಲೆ: ಡೀಲರಿಗೆ ಉಳಿಯುವುದೆಷ್ಟು?

ಕೇಳಿದವರು, ವಿಜಯನಗರ, ಮೈಸೂರು:
ನನ್ನಲ್ಲಿ 2015ರ ಆಡಿ ಟಿಟಿ ಇದೆ. ಕೆಎ 09 ನೋಂದಣಿ, ಓಡಿರುವುದು 43,000 ಕಿ.ಮೀ. ಹೊಸ ಕಾರಿಗೆ ಎಕ್ಸ್‌ಚೇಂಜ್ ಕೇಳಿದಾಗ ಷೋರೂಮಿನವರು 21 ಲಕ್ಷ ಎಂದರು. ಅದೇ ವರ್ಷದ, ಅದೇ ಬಣ್ಣದ ಕಾರಿಗೆ ಬೆಂಗಳೂರಿನ ಡೀಲರೊಬ್ಬರು 27 ಲಕ್ಷದ ಚೀಟಿ ಅಂಟಿಸಿದ್ದಾರೆ. ನಡುವಿನ ಆರು ಲಕ್ಷ ಪೂರ್ತಿ ಲಾಭವೇ? ಹಳೆಯ ಕಾರಿನ ಜಿಎಸ್‌ಟಿ ಏರಿದ್ದರಿಂದ ಬೆಲೆ ಇಳಿಸಿದ್ದೇವೆ ಎನ್ನುತ್ತಾರೆ, ಅದು ನಿಜವೇ? ಮಾರಿ ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುವೆಂಪುನಗರದಿಂದ:
ಬಿಎಂಡಬ್ಲ್ಯು ಜೆಡ್4 ಮಾರುವಾಗ ನಾನೂ ಇದೇ ಕಳೆಯುವ ಲೆಕ್ಕ ಹಾಕಿ ಸಿಟ್ಟಾಗಿದ್ದೆ. ಅದನ್ನು ಕೊಂಡ ಡೀಲರ್ ಒಂದು ಸಂಜೆ ಹಳೆಯ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದ ಲೆಕ್ಕವನ್ನು ನಿಮ್ಮ ಕಾರಿಗೆ ಹೊಂದಿಸಿ ಹೇಳುತ್ತೇನೆ. ಚೀಟಿಯ 27 ಲಕ್ಷವನ್ನು ಯಾರೂ ಕೊಡುವುದಿಲ್ಲ. ಚೌಕಾಸಿ ಮುಗಿದು 25.5ಕ್ಕೆ ನಿಂತಿತೆನ್ನಿ, ಮಾರ್ಜಿನ್, ಅಂದರೆ ಕೊಂಡ ಮತ್ತು ಮಾರಿದ ಬೆಲೆಗಳ ನಡುವಿನ ಅಂತರ, 4.5 ಲಕ್ಷ. ಅದಕ್ಕೆ ಶೇ. 18ರಂತೆ ಜಿಎಸ್‌ಟಿ 81,000. ನಾಲ್ಕು ಟಯರು ಹೊಸದಾಗಿ ಹಾಕಿದರೆ ಸುಮಾರು ಒಂದು ಲಕ್ಷ, ಸರ್ವೀಸು, ಬಂಪರ್ ಪೇಂಟು, ಪಾಲಿಶ್ ಎಂದು ಇನ್ನೊಂದು 60,000. ಉಳಿದದ್ದು ಕಾಯುವ ಖರ್ಚು. 21 ಲಕ್ಷಕ್ಕೆ ವರ್ಷಕ್ಕೆ ಶೇ. 12ರ ಬಡ್ಡಿ ಹಿಡಿದರೂ ತಿಂಗಳಿಗೆ 21,000 ರೂಪಾಯಿ, ನಾಲ್ಕು ತಿಂಗಳು ನಿಂತರೆ 84,000. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಒಂದೂಕಾಲು ಲಕ್ಷ. ಅದರಲ್ಲೇ ಜಾಗದ ಬಾಡಿಗೆ, ಹುಡುಗರ ಸಂಬಳ ಎರಡೂ ಆಗಬೇಕು.

ಡೀಲರುಗಳ ಮೇಲೆ ನನಗೆ ಮಮಕಾರವೇನಿಲ್ಲ. ಆದರೆ ಇಬ್ಬರೇ ಕೂರಲು ಹದವಾದ, ನೆಲಕ್ಕೆ ತಗ್ಗಿದ ಕಾರನ್ನು ಮೈಸೂರಿನಲ್ಲಿ ಕೇಳಿಕೊಂಡು ಬರುವವರು ಎಷ್ಟು ಮಂದಿ? ಹತ್ತು ವರ್ಷ ದಾಟಿದ ಕಾರಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುವುದರಿಂದ ಕೈಯಲ್ಲಿ ಪೂರ್ತಿ ಹಣವಿರುವವನೇ ಬರಬೇಕು. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಮೆಕಾಟ್ರಾನಿಕ್ಸ್ (ಗೇರ್ ಬದಲಿಸುವ ವಿದ್ಯುನ್ಮಾನ ಘಟಕ) ಕಾರು ಮಾರುವ ಮೊದಲೇ ಕೈಕೊಟ್ಟರೆ ಆ ನಷ್ಟವೂ ಡೀಲರಿನದೇ. ಆದ್ದರಿಂದ ಪೂರ್ತಿ ಸರ್ವೀಸ್ ದಾಖಲೆ ತೋರಿಸಿ, ಬೆಂಗಳೂರಿನಲ್ಲಿ ಇಂಥ ಕಾರುಗಳನ್ನೇ ಮಾರುವ ಇಬ್ಬರಿಂದ ಬೆಲೆ ಪಡೆಯಿರಿ. ಆತುರವಿಲ್ಲದಿದ್ದರೆ ಪಾರ್ಕ್ ಅಂಡ್ ಸೆಲ್‌ಗೆ ಬಿಡಬಹುದು, ಅಂದರೆ ಕಾರನ್ನು ಡೀಲರ ಬಳಿ ನಿಲ್ಲಿಸಿ ಅವರ ಮೂಲಕ ಮಾರಿಸುವುದು. ಅಲ್ಲಿ ಡೀಲರಿಗೆ ಕಮಿಷನ್ ಮಾತ್ರ, ಬೆಲೆ ನಿಮ್ಮದು, ಕಾಯುವ ತಾಪತ್ರಯವೂ ನಿಮ್ಮದೇ. ನಾನು ಹಾಗೆ ಬಿಟ್ಟು ಮೂರು ತಿಂಗಳು ಕಾದು, ಕೊನೆಗೆ ಬೇಸತ್ತು ನೇರವಾಗಿ ಕೊಟ್ಟುಬಿಟ್ಟೆ.

ಮಂಡ್ಯದಿಂದ:
ಮೇಲಿನವರ ಲೆಕ್ಕ ಸರಿ, ಆದರೆ ಷೋರೂಮಿನವರ ಆಟ ಬೇರೆ. ಒಬ್ಬರು ನನ್ನ ಹಳೆಯ ಕಾರಿಗೆ 14 ಲಕ್ಷ ಕೊಡುವುದಾಗಿ ಹೇಳಿ ಹೊಸದರ ಮೇಲೆ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಇನ್ನೊಬ್ಬರು 12.5 ಎಂದು ಹೊಸದರಲ್ಲಿ ಎರಡು ಲಕ್ಷ ಇಳಿಸಿದರು. ಮೊದಲನೆಯವರೇ ಧಾರಾಳಿಗಳೆಂದು ಮನೆಯವರೆಲ್ಲ ಒಪ್ಪಿದ್ದರು, ನಾನು ಕೂತು ಕೂಡಿ ಕಳೆದಾಗ ಎರಡನೆಯವರ ಬಳಿ ನನಗೆ 50,000 ಉಳಿಯುತ್ತಿತ್ತು. ಹಳೆಯದಕ್ಕೆ ಎಷ್ಟು ಎಂದು ಕೇಳುವುದಕ್ಕಿಂತ, ಹಳೆಯದನ್ನು ಬಿಟ್ಟು ಹೊಸದನ್ನು ತರಲು ಕೈಯಿಂದ ಎಷ್ಟು ಹಾಕಬೇಕು ಎಂಬ ಒಂದೇ ಅಂಕಿಯನ್ನು ಬರಹದಲ್ಲಿ ಕೇಳಿ.

ಬೆಲೆ ಕಟ್ಟಲು ಬಂದ ಹುಡುಗ ಕಾರು ಓಡಿಸಿ ನೋಡುವುದಕ್ಕೂ ಮೊದಲು ಡಿಕ್ಕಿಯ ರಬ್ಬರ್ ಬೀಡಿಂಗ್ ಎತ್ತಿ, ಕಾರು ಎಲ್ಲಾದರೂ ಗುದ್ದಿ ರಿಪೇರಿಯಾಗಿದೆಯೇ ಎಂದು ಒಳಗಿನ ವೆಲ್ಡಿಂಗ್ ಚುಕ್ಕೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಪ್ರತಿ ಟಯರಿನ ನಾಲ್ಕು ಅಂಕಿ ಓದಿದ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನೀವೂ ಮುಂಚೆಯೇ ಓದಿಟ್ಟುಕೊಳ್ಳಿ. ನೋ ಕ್ಲೇಮ್ ಬೋನಸ್, ಅಂದರೆ ವಿಮೆಯಲ್ಲಿ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಕಾರಿನದಲ್ಲ, ನಿಮ್ಮದು. ಶೇ. 50ರವರೆಗೂ ಇರುವ ಅದನ್ನು ಹೊಸ ಕಾರಿನ ವಿಮೆಗೆ ವರ್ಗಾಯಿಸಿಕೊಳ್ಳಲು ಮರೆಯಬೇಡಿ.

ಸರಸ್ವತಿಪುರಂನಿಂದ (ಲೆಕ್ಕಪರಿಶೋಧನೆಯ ವೃತ್ತಿ):
ಜಿಎಸ್‌ಟಿ ಕುರಿತು ನಿಮಗೆ ಹೇಳಿದ ಕಾರಣ ಸರಿಯಲ್ಲ. 1200 ಸಿಸಿ ಎಂಜಿನ್ ಮತ್ತು ನಾಲ್ಕು ಮೀಟರ್ ಉದ್ದ ದಾಟಿದ ಪೆಟ್ರೋಲ್ ಕಾರುಗಳಿಗೆ, ಅಂದರೆ ನಿಮ್ಮ ಟಿಟಿಯಂಥವಕ್ಕೆ, 2018ರ ಜನವರಿಯಿಂದಲೇ ಮಾರ್ಜಿನ್ ಮೇಲೆ ಶೇ. 18 ಇತ್ತು. 2025ರ ಜನವರಿಯಲ್ಲಿ 12ರಿಂದ 18ಕ್ಕೆ ಏರಿದ್ದು ಸಣ್ಣ ಕಾರು ಮತ್ತು ವಿದ್ಯುತ್ ಕಾರುಗಳದು. ಬೆಲೆ ಇಳಿಯಲು ಹೆಚ್ಚು ನಂಬಬಹುದಾದ ಕಾರಣವೆಂದರೆ, 2025ರ ಸೆಪ್ಟೆಂಬರ್ 22ರಿಂದ ಹೊಸ ದೊಡ್ಡ ಕಾರುಗಳಿಗೆ ಜಿಎಸ್‌ಟಿಯ ಮೇಲೆ ಬೀಳುತ್ತಿದ್ದ ಸೆಸ್ ಹೋಗಿ ಶೇ. 40ರ ಒಂದೇ ತೆರಿಗೆ ಬಂದದ್ದು. ಹೊಸದು ಅಗ್ಗವಾದಾಗ ಹಳೆಯದೂ ಇಳಿಯಲೇಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಎಕ್ಸ್‌ಚೇಂಜ್ ಮೊತ್ತ ಕಳೆದು ಉಳಿದದ್ದಕ್ಕಷ್ಟೇ ಮಾರಾಟ ತೆರಿಗೆ ಹಾಕುತ್ತಾರೆ. ಅಲ್ಲಿನ ಸಲಹೆ ಓದಿ ಇಲ್ಲಿ ಆ ಉಳಿತಾಯ ನಿರೀಕ್ಷಿಸಬೇಡಿ, ನಮ್ಮಲ್ಲಿ ಹೊಸ ಕಾರಿನ ಪೂರ್ತಿ ಬೆಲೆಗೆ ತೆರಿಗೆ ಬೀಳುತ್ತದೆ.

ಯಾರಿಗೇ ಕೊಟ್ಟರೂ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ನ್ನು ಖಾಲಿಯಾಗಿ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆರ್‌ಟಿಒ ಅಧಿಕಾರಪತ್ರವಿರುವ ಡೀಲರಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿರುವ ನಮೂನೆ 29ಸಿ ಮೂಲಕ ಕಾರು ಅವರ ವಶಕ್ಕೆ ಹೋದದ್ದನ್ನು ದಾಖಲಿಸಿ.

ಕೇಳಿದವರು:
ಎಲ್ಲರಿಗೂ ವಂದನೆ. ಈಗಷ್ಟೇ ಕೆಳಗೆ ಹೋಗಿ ಟಯರು ನೋಡಿ ಬಂದೆ. ಮುಂದಿನ ಎರಡರಲ್ಲಿ 1119, ಹಿಂದಿನ ಎರಡರಲ್ಲಿ 3417 ಎಂದಿದೆ. ಆ ಒಂದು ಲಕ್ಷದ ಬಗ್ಗೆ ಡೀಲರೊಡನೆ ವಾದಿಸುವ ಹಾಗಿಲ್ಲ. ಶನಿವಾರ ಸರ್ವೀಸ್ ಫೈಲ್ ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದೇನೆ, ಇಬ್ಬರೂ ಹೇಳಿದ ಅಂಕಿಗಳನ್ನು ಇಲ್ಲೇ ಬರೆಯುತ್ತೇನೆ.