ಸಹಾಯ ಬೇಕು: ಹೊಗೆ-ಬೆಂಕಿ ವಾದ ನಿಗಮನವೋ, ಅನುಗಮನವೋ?

ರಾಯಚೂರಿನಾಗ ಕೆ-ಸೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷಾ) ಮೊದಲ ಪೇಪರಿಗೆ ಓದ್ಲಿಕ್ಕತ್ತೀನಿ. "ರಾಯಚೂರು ಜಿಲ್ಲಾ ಪೂರಾ ಕಲ್ಯಾಣ ಕರ್ನಾಟಕದಾಗ ಅದ, ಮಾನ್ವಿ ಈ ಜಿಲ್ಲಾದ್ದು, ಅಂದ್ರ ಮಾನ್ವೀನೂ ಅಲ್ಲೇ ಅದ": ಇದು ನಿಗಮನ, ಆಧಾರ ಖರೇ ಇದ್ರ ತೀರ್ಮಾನ ತಪ್ಪಂಗಿಲ್ಲ. "ಪ್ರತಿ ಮೇದಾಗ ಊರು ಬಿಸಿಲಿಗೆ ಕಾಯ್ತದ, ಮುಂದಿನ ಮೇದಾಗೂ ಕಾಯ್ತದ" ಅನ್ನೋದು ಅನುಗಮನ, ಬರೇ ಸಂಭವ (ಇಲ್ಲಿ ಇದ್ದವ್ರಿಗೆ ಮಾತ್ರ ಖಾತ್ರಿ!).

ತೊಡಕು ನ್ಯಾಯದರ್ಶನದಾಗ, ಅಂದ್ರ ನಮ್ಮ ಹಳೇ ಭಾರತೀಯ ತರ್ಕಶಾಸ್ತ್ರದಾಗ. ಅಲ್ಲಿ ವಾದಕ್ಕ ಪ್ರತಿಜ್ಞಾ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣ, ಉಪನಯ (ಅದನ್ನ ಈ ಪ್ರಸಂಗಕ್ಕ ಹಚ್ಚೋದು), ನಿಗಮನ (ಇಲ್ಲಿ ಬರೇ ಕಡೀ ತೀರ್ಮಾನ ಅಂತ ಅರ್ಥ) ಅಂತ ಐದು ಅವಯವ, ಅಂದ್ರ ಭಾಗ. ಗುಡ್ಡದ ಮ್ಯಾಲ ಹೊಗಿ ಅದ, ಅದಕ್ಕ ಬೆಂಕಿ ಅದ. ಆದ್ರ "ಹೊಗಿ ಇದ್ದಲ್ಲೆಲ್ಲ ಬೆಂಕಿ" ಅನ್ನೋ ವ್ಯಾಪ್ತಿ (ಎರಡರ ತಪ್ಪದ ಸಂಬಂಧ) ಸಿಕ್ಕದ್ದು ಅಡಗಿಮನ್ಯಾಗ ಹೊಗಿ-ಬೆಂಕಿ ಜೋಡಿ ನೋಡೇ ಅಲ್ಲೇನ್ರಿ? ಅದು ಅನುಗಮನ, ಗುಡ್ಡಕ್ಕ ಹಚ್ಚೋದು ನಿಗಮನ. ಪರೀಕ್ಷಾದಾಗ ಯಾವುದಕ್ಕ ಟಿಕ್ ಹಾಕಬೇಕು? ಎರಡು ಗೈಡು ಎರಡು ಥರ ಹೇಳ್ತಾವ. ಹಳೇ ಪ್ರಶ್ನೆಪತ್ರಿಕಿ ಬಿಡಿಸಿದವ್ರು ಕಾರಣ ಸಮೇತ ತಿಳಿಸ್ರಿ.