ಗಾಡ್ಯಾಗ ಕ್ಯಾಮೆರಾ ಹಾಕ್ಸಿದವ್ರೆಲ್ಲಾ ಓದ್ರಿ

11ನೇ ಮನಿ, ನಸುಕಿನ 4:10
ರಾತ್ರಿ ಎರಡೂವರಿಗಿ ಅವ್ವಗ ಉಸಿರು ಸಿಗವಲ್ದು. ಕೀಲಿ ತಿರುವಿದ್ರ ಗಾಡಿ ಟಿಕ್ ಟಿಕ್ ಅಷ್ಟೇ. ಡ್ಯಾಶ್‌ಬೋರ್ಡಿನ ಲೈಟ್ ಮಿಣುಕಿ ಆರಿಹೋದ್ವು. ಮೂರೇ ದಿನ ನಿಂತಿದ್ದ ಗಾಡಿ, ಬ್ಯಾಟರಿ ಹಾಕ್ಸಿ ಎಂಟು ತಿಂಗಳಾಗಿಲ್ಲ! ಮಗನೂ ನಾನೂ ಮೂಲಿತನಕ ತಳ್ಳಿದ್ವಿ, ಚಾಲೂ ಆಗ್ಲಿಲ್ಲ. ಕಡೀಕ ಆಟೋದಾಗ ಒಯ್ದ್ವಿ. ಅವ್ವ ಈಗ ಆರಾಮ ಅದಾಳ. ನಮ್ಮ ಓಣ್ಯಾಗ ಇದು ಮೂರನೇ ಗಾಡಿ, ಮೂರರಾಗೂ ಅದೇ ಕ್ಯಾಮೆರಾ. ಆ ಫಿಟ್ಟರನ್ನ ಕರ್ಕೊಂಡು ಬಂದವ್ರು ಮೊದ್ಲು ಮಾತಾಡ್ರಿ.

4ನೇ ಮನಿ
ನನ್ನ ಕಡಿ ಬೊಟ್ಟು ಮಾಡಬ್ಯಾಡ್ರಿ. ಗಾಡಿ ಕನ್ನಡಿ ಕಳುವಾದಾಗ ‘ರಾತ್ರಿನೂ ರೆಕಾರ್ಡ್ ಆಗ್ಬೇಕು’ ಅಂದವ್ರು ನೀವೇ. ಒಂಬತ್ತು ಗಾಡಿಗಿ ಕೂಡೇ ಹಾಕ್ಸಿದ್ರ ರೇಟ್ ಇಳೀತದಂತ ನಾ ಓಡಾಡಿದೆ. ನನ್ನ ಗಾಡಿ ದಿನಾ ಚಾಲೂ ಆಗ್ತದ.

6ನೇ ಮನಿ
ನೀವು ದಿನಾ ಶಹಾಬಾದಕ್ಕ ಹೋಗಿ ಬರ್ತೀರಿ, ಚಾರ್ಜ್ ಆಗ್ತದ. ನಮ್ದು ಐತ್ವಾರ ಒಂದಿನ ಹೊರಬೀಳ್ತದ.

2ನೇ ಮನಿ
🙏🌹 ಶುಭ ಮುಂಜಾನೆ 🌹🙏 ಬ್ಯಾಟರಿ ತುದಿಗಿ ಕೋಲಾ ಸುರುವಿದ್ರ ಹೊಸದರಂಗ ಆಗ್ತದ. ಹತ್ತು ಮಂದಿಗಿ ಕಳಿಸ್ರಿ.

8ನೇ ಮನಿ
ಕೋಲಾ ಜೊತಿ ಕಡಕ್ ರೊಟ್ಟಿನೂ ತಿನ್ನಸ್ರಿ 😄

11ನೇ ಮನಿ
ಅವ್ವ ದವಾಖಾನ್ಯಾಗ ಅದಾಳ. ನಗಬ್ಯಾಡ್ರಿ.

17ನೇ ಮನಿ (ಐಟಿಐ ಸರ್)
ಕೋಲಾದಿಂದ ತುದಿ ಮ್ಯಾಲಿನ ಬಿಳಿ ಹುಡಿ ಹೋಗ್ತದ, ಕರೆಂಟ್ ಸೋರಿಕಿ ನಿಲ್ಲಲ್ಲ. ಅಳೀದೆ ಯಾರ ಮ್ಯಾಲೂ ಹಾಕಬ್ಯಾಡ್ರಿ. ನಿಂತ ಗಾಡಿನೂ ಗಡಿಯಾರ, ಲಾಕು, ಕಂಪ್ಯೂಟರಿಗಂತ ಒಂದಿಷ್ಟು ಕರೆಂಟ್ ತಿಂತದ. 50 ಮಿಲಿಆಂಪಿಯರ್, ಅಂದ್ರ 0.05 ಆಂಪಿಯರ್ ತನಕ ಸಾಮಾನ್ಯ. ಬ್ಯಾಟರಿ ಚಾರ್ಜ್ ಮಾಡ್ಸಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿ ತುದಿಗೂ ನಡುವ ಮಲ್ಟಿಮೀಟರ್ ಹಚ್ರಿ. ಕೆಂಪು ವೈರ್ 10 ಆಂಪಿಯರಿನ ತೂತಿನಾಗ. ಬಾಗಲಾ ಲಾಕ್ ಮಾಡಿ, ಕೀಲಿ ಮನ್ಯಾಗಿಟ್ಟು ಮುಕ್ಕಾಲು ತಾಸು ಕಾಯ್ರಿ. ಗಾಡಿ ಕಂಪ್ಯೂಟರ್ ಮಲಗೋ ತನಕ ಕಾಣೋ ಅಂಕಿ ನಂಬಬ್ಯಾಡ್ರಿ. ಮೀಟರ್ ಹಚ್ಚಿದಾಗ ಇಂಜಿನ್ ಚಾಲೂ ಮಾಡಬ್ಯಾಡ್ರಿ, ಮೀಟರಿನ ಫ್ಯೂಸ್ ಸುಡ್ತದ. ಆಮ್ಯಾಲ ಗಾಡಿ ಫ್ಯೂಸ್ ಒಂದೊಂದೇ ಕೀಳ್ರಿ. ಯಾವುದು ಕಿತ್ತಾಗ ಅಂಕಿ ಧಡಕ್ಕನ ಇಳೀತದೋ ಆ ಲೈನಿನಾಗೇ ಕಳ್ಳ.

4ನೇ ಮನಿ
ಇಷ್ಟೆಲ್ಲಾ ಯಾರು ಮಾಡ್ತಾರ ಸರ್? ಕಲಬುರಗಿ ಬಿಸಿಲಿಗಿ ಬ್ಯಾಟರಿ ಸಾಯೋದೇ.

17ನೇ ಮನಿ (ಐಟಿಐ ಸರ್)
ಬಿಸಿಲು ಆಯುಷ್ಯ ತಿಂತದ, ಖರೆ. ಮೂರು ದಿನದಾಗ ಖಾಲಿ ಮಾಡಲ್ಲ.

11ನೇ ಮನಿ, ಸಂಜಿ 6:35
ಸರ್ ಮೀಟರ್ ತಂದು ನೋಡಿದೆ. 45 ನಿಮಿಷ ಆದ್ಮ್ಯಾಲೂ 0.34 ಆಂಪಿಯರ್. ಕ್ಯಾಮೆರಾ ವೈರ್ ಸಿಗಿಸಿದ್ದ ಫ್ಯೂಸ್ ಕಿತ್ತಕೂಡ್ಲೆ 0.03. ವೋಲ್ಟೇಜ್ ಇಳಿದ್ರ ಕ್ಯಾಮೆರಾ ಬಂದ್ ಮಾಡೋ ಒಂದು ಸಣ್ಣ ಡಬ್ಬಿ ಬರ್ತದಂತ. ನನ್ನ ಗಾಡ್ಯಾಗ ಅದೇ ಇಲ್ಲ, ವೈರ್ ತುದಿ ಸುಲ್ದು ಫ್ಯೂಸಿನ ಕಾಲಿಗಿ ಸುತ್ತ್ಯಾನ, ಮ್ಯಾಲ ಟೇಪೂ ಇಲ್ಲ.

17ನೇ ಮನಿ (ಐಟಿಐ ಸರ್)
ಅಂದ್ರ ದಿನಕ್ಕ 8 ಆಂಪಿಯರ್-ಅವರ್, ಮೂರು ದಿನಕ್ಕ 24. ನಿಮ್ಮ ಬ್ಯಾಟರಿ ಪೂರಾ ತುಂಬಿದ್ರೂ 35 ಆಂಪಿಯರ್-ಅವರ್. ಇಂಜಿನ್ ತಿರುವ್ಲಿಕ್ಕ ಏನು ಉಳೀತದ? ಐತ್ವಾರ ಮುಂಜಾನಿ 7ಕ್ಕ ಒಂಬತ್ತೂ ಗಾಡಿ ನೋಡೋಣು. ಡಬ್ಬಿ ಕೂಡಿಸ್ಬೇಕು, ಇಲ್ಲಂದ್ರ ಕೀಲಿ ಹಾಕಿದಾಗಷ್ಟೇ ಕರೆಂಟ್ ಬರೋ ಫ್ಯೂಸಿಗಿ ವೈರ್ ಬದಲಿಸ್ಬೇಕು.

4ನೇ ಮನಿ
ಹಂಗಾದ್ರ ರಾತ್ರಿ ರೆಕಾರ್ಡ್ ಹ್ಯಾಂಗ? ಮತ್ತ ಕನ್ನಡಿ ಹೋದ್ರ ಯಾರು ಕೊಡ್ತಾರ? ಮೂಲಿ ಕಂಬದ ಲೈಟ್ ಇದ್ದಿದ್ರ ಈ ಕ್ಯಾಮೆರಾನೇ ಬ್ಯಾಡಾಗಿತ್ತು.

9ನೇ ಮನಿ
ಇದು ಮಾತು! ಯುಗಾದಿಯಿಂದ ಕತ್ತಲಿ ಅದ. ನಾಯಿ ಕಾಟ ಬ್ಯಾರೆ.

6ನೇ ಮನಿ
ಹೌದ್ರಿ, ಟ್ಯೂಷನ್ ಹುಡುಗ್ರು ಅಂಜ್ತಾವ.

4ನೇ ಮನಿ
ಐತ್ವಾರ 7ಕ್ಕ ಎಲ್ಲಾರೂ ಕಂಬದ ಹಂತ್ಯಾಕ ಬರ್ರಿ, ಅರ್ಜಿಗಿ ಸಹಿ ಮಾಡೋಣು.

11ನೇ ಮನಿ
ಮತ್ತ ಗಾಡಿ?

4ನೇ ಮನಿ
ಅದು ಮುಂದಿನ ಐತ್ವಾರ.

11ನೇ ಮನಿ
ನಾ ಫ್ಯೂಸ್ ಕಿತ್ತು ಇಟ್ಟೀನಿ. ನಾಡಿದ್ದು ಅವ್ವನ್ನ ಮತ್ತ ತೋರಿಸ್ಬೇಕು.

17ನೇ ಮನಿ (ಐಟಿಐ ಸರ್)
ಮೀಟರ್ ನನ್ನ ಕಟ್ಟಿ ಮ್ಯಾಲ ಇರ್ತದ. ಬೇಕಾದವ್ರು ಒಯ್ರಿ.

9ನೇ ಮನಿ
ಸರ್, ಅರ್ಜಿ ನೀವೇ ಬರೀರಿ. ನಿಮ್ಮ ಅಕ್ಷರ ಛಲೋ ಅದ.